ದೊಡ್ಡೀರನ ತಲೆ ಉಳಿಸಿದ ಸಣ್ಣೀರ

“ಕೇಳ್ರಪ್ಪೋ ಕೇಳಿ! ಬೆಟ್ಟದಕೋಟೆಯ ದೊರೆ ವೀರಭೂಪಾಲರ ಮಗಳು ಪದುಮಾಂಬೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದು ಸಿಗುತ್ತದೆ, ರಾಜಕುಮಾರಿಯನ್ನೇ ಬೇಡಿದರೂ ಸರಿ! ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುತ್ತದೆ!”

ಹುಣ್ಣಿಮೆಯ ಮಾರನೆಯ ದಿನ ಹೀಗೆ ಡಂಗುರ ಹೊಡೆದರು. ಬೇಡಿದ್ದು ಸಿಗುತ್ತದೆ ಎಂಬ ಮಾತು ಕಿವಿಗೆ ಬಿದ್ದಷ್ಟು ಚೆನ್ನಾಗಿ ತಲೆ ಹೋಗುತ್ತದೆ ಎಂಬ ಮಾತು ಯಾರಿಗೂ ಕೇಳಿಸಲಿಲ್ಲ. ಮನುಷ್ಯರ ಕಿವಿಯೇ ಹಾಗೆ. ಬಂದವರೆಲ್ಲ ಮೊದಲ ಒಗಟಿಗೇ ಮುಗ್ಗರಿಸಿ ಸೆರೆಮನೆ ಸೇರಿದರು.

“ಗೋಡೆಯಾಚೆ ಇದ್ದವನು ದೂರ, ಹೊಳೆಯಾಚೆ ಇದ್ದವನು ಹತ್ತಿರ. ಹತ್ತಿರವನ್ನು ಅಳೆಯುವ ಕೋಲು ಯಾವುದು?” ಎಂಬುದು ಆ ಒಗಟು.

ನೆರೆಯ ರಾಜಕುಮಾರನೊಬ್ಬ ಮೀಸೆ ತೀಡುತ್ತ “ಮನಸ್ಸು” ಎಂದ. “ಮನಸ್ಸಿಗೆ ಎಲ್ಲವೂ ಹತ್ತಿರವೇ. ಅದು ಏನನ್ನು ತಾನೇ ಅಳೆದೀತು?” ಎಂದಳು ಪದುಮಾಂಬೆ. ಭಟರು ಅವನನ್ನು ಎಳೆದುಕೊಂಡು ಹೋದರು.

ಆಮೇಲೆ ಒಬ್ಬ ಸಾಹುಕಾರ ಪಲ್ಲಕ್ಕಿಯಲ್ಲಿ ಬಂದ. ಒಗಟು ಕೇಳಿ ಅವನು ಪೇಟ ತೆಗೆದು ತಲೆ ಕೆರೆದುಕೊಂಡ. ಪಲ್ಲಕ್ಕಿಗೆ ಮುಂದೆ ಹೆಗಲು ಕೊಟ್ಟು ಬಂದಿದ್ದ ದೊಡ್ಡೀರ ಬಾಗಿಲಲ್ಲೇ ನಿಂತಿದ್ದ. ಅವನು ಮಹಾ ಬಾಯಿಬಡುಕ. “ಕಾಲು ಕಣ್ರೀ, ಕಾಲು! ನಡೆದ್ರೆ ತಾನೇ ಹತ್ತಿರವೋ ದೂರವೋ ಗೊತ್ತಾಗೋದು?” ಎಂದುಬಿಟ್ಟ.

“ಗೋಡೆಯಾಚೆಗೆ ಹೋಗಲು ಎಷ್ಟು ನಡೆಯಬೇಕು?” ಎಂದಳು ಪದುಮಾಂಬೆ.

ಉತ್ತರ ಹೇಳಿದವನ ಮೇಲೆಯೇ ಶಿಕ್ಷೆ. ಸಾಹುಕಾರ ಬದುಕಿದೆಯಾ ಬಡಜೀವವೇ ಎಂದು ಓಡಿದ, ದೊಡ್ಡೀರ ಒಳಗೆ ಹೋದ.

ಅದೇ ಪಲ್ಲಕ್ಕಿಯ ಹಿಂದಿನ ಹೆಗಲು ಅವನ ತಮ್ಮ ಸಣ್ಣೀರನದು. ತಂದೆತಾಯಿ ಇಲ್ಲದ ಅವನನ್ನು ಸಾಕಿದ್ದು ಅಣ್ಣನೇ. ಅಮಾವಾಸ್ಯೆಯ ಹಿಂದಿನ ದಿನ ಸಣ್ಣೀರ ಸಭೆಗೆ ಬಂದು ಕೈಮುಗಿದು ನಿಂತ.

“ಬೇಡಪ್ಪ, ಒಂದೇ ಮನೆಯ ಎರಡು ತಲೆ ಹೋಗುವುದು ಬೇಡ. ಹಿಂದಿರುಗು” ಎಂದ ದೊರೆ. ಅವನಿಗೂ ಈ ಪಂದ್ಯ ಸಾಕಾಗಿತ್ತು. ಆದರೆ ಮಗಳಿಗೆ ಮಾತು ಕೊಟ್ಟಿದ್ದ.

“ಅಣ್ಣನಿಲ್ದೆ ನನಗೆ ಅನ್ನ ಇಳಿಯಲ್ಲ ಬುದ್ಧಿ. ಅವನ ತಲೆ ಉಳಿಸೋಕೆ ಬಂದಿದೀನಿ. ಅಮ್ಮಣ್ಣಿ ಒಗಟು ಕೇಳ್ಬಿಡಲಿ” ಎಂದ ಸಣ್ಣೀರ.

ಪದುಮಾಂಬೆ ಮೊದಲನೆಯದನ್ನು ಕೇಳಿದಳು.

“ಕೂಗು, ಅಮ್ಮಣ್ಣಿ” ಎಂದ ಅವನು. “ಕೂಗಿದ್ರೆ ಓಗೊಡೋನು ಹೊಳೆಯಾಚೆ ಇದ್ರೂ ಹತ್ತಿರದವನು. ಓಗೊಡದೋನು ಗೋಡೆಯಾಚೆ ಇದ್ರೂ ದೂರದವನೇ. ದಿನಾ ಸೆರೆಮನೆ ಗೋಡೆಗೆ ಬಾಯಿಟ್ಟು ಅಣ್ಣನ್ನ ಕೂಗ್ತೀನಿ. ‘ಓ’ ಅಂತಾನೆ. ಆ ಧೈರ್ಯದ ಮೇಲೇ ಇಲ್ಲಿಗೆ ಬಂದೆ.”

ಪದುಮಾಂಬೆ ಸರಿ ಎಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು. “ಅವನು ಮೊದಲೇ ಬಂದವನು. ಆದರೂ ಹಿಂದಿನಿಂದ ಬರುವವನು ಬಂದ ಮೇಲೆಯೇ ಅವನು ಹುಟ್ಟುವುದು. ಯಾರವನು?”

ಸಭೆಯಲ್ಲಿ ಗುಸುಗುಸು ಎದ್ದಿತು. ಸಣ್ಣೀರನಿಗೆ ಆ ಭಯದಲ್ಲೂ ನಗು ಬಂತು. “ಅಣ್ಣ, ಅಮ್ಮಣ್ಣಿ! ನಾನು ಹುಟ್ಟೋ ತನಕ ಅವನು ಬರೀ ಈರ. ನಾನು ಹುಟ್ಟಿದ ಮೇಲೇ ಅಣ್ಣ ಹುಟ್ಟಿದ್ದು, ದೊಡ್ಡೀರ ಅಂತ ಹೆಸರಾಗಿದ್ದು.”

ಮೂರನೆಯದನ್ನು ಪದುಮಾಂಬೆ ಅಪ್ಪನ ಕಡೆ ನೋಡದೆ ಕೇಳಿದಳು. “ಹೇಳುವವರಿಗೆ ಗೊತ್ತು, ಆ ಮಾತು ನಿಜವಲ್ಲ. ಹಾಗಿದ್ದೂ ಸುಳ್ಳಾಗದ ಮಾತು ಯಾವುದು?”

ಇವನಿಗೂ ತಿಳಿಯದು ಎಂದು ಭಟನೊಬ್ಬ ಆಗಲೇ ಹತ್ತಿರ ಬಂದ. ಸಣ್ಣೀರ ತನ್ನ ಹೆಗಲು ಸವರಿಕೊಂಡ.

“ಬೆಟ್ಟ ಹತ್ತುವಾಗ ಹಿಂದಿರೋ ನನಗೆ ದಾರಿ ಕಾಣಲ್ಲ. ಹೆಗಲು ಉರಿಯುತ್ತೆ. ‘ಅಣ್ಣಾ, ಇನ್ನೆಷ್ಟು ದೂರ?’ ಅಂತೀನಿ. ‘ಇನ್ನೇನು ಬಂತು ಕಣೋ’ ಅಂತಾನೆ. ಬಂದಿರಲ್ಲ. ಅದೇ ಮಾತು, ಅಮ್ಮಣ್ಣಿ.”

“ಬಂದಿಲ್ಲದ್ದನ್ನು ಬಂತು ಎಂದರೆ ಸುಳ್ಳೇ ತಾನೇ?”

“ಅಲ್ಲ. ಬಂದಿಲ್ಲ ಅಂತ ನನಗೂ ಗೊತ್ತಿರುತ್ತೆ. ದಾರಿ ಎಷ್ಟು ಅಂತ ತಿಳಿಯೋಕೆ ಅಲ್ಲ ನಾನು ಕೇಳೋದು. ಅಣ್ಣ ನನ್ನ ಜೊತೇಲಿ ಇದಾನೆ ಅಂತ ಕೇಳಿಸ್ಕೊಳ್ಳೋಕೆ. ಹೇಳೋನ ಹೆಗಲ ಮೇಲೂ ಅದೇ ಭಾರ ಇದ್ರೆ ಆ ಮಾತು ಸುಳ್ಳಾಗಲ್ಲ ತಾಯಿ.”

ಪದುಮಾಂಬೆ ಮುಖ ಮುಚ್ಚಿಕೊಂಡು ಅತ್ತಳು. “ಅಪ್ಪ ಯುದ್ಧಕ್ಕೆ ಹೋಗಿದ್ದರು. ಸಾಯುತ್ತಿದ್ದ ಅಮ್ಮ, ನಿಮ್ಮಪ್ಪ ಎಲ್ಲಿ ಎಂದು ಕೇಳುತ್ತಲೇ ಇದ್ದಳು. ಇನ್ನೇನು ಬಂದರು ಎಂದು ನಾನು ಹೇಳುತ್ತಲೇ ಇದ್ದೆ. ಅಮ್ಮ ಹೋದ ಮೇಲೆ ಬಂದರು. ಸಾಯುವವಳಿಗೆ ಸುಳ್ಳು ಹೇಳಿದೆನೇನೋ ಎಂದು ಅವತ್ತಿನಿಂದ ಬೇಯುತ್ತಿದ್ದೇನೆ. ಈ ಒಗಟಿಗೆ ಉತ್ತರ ನನಗೂ ಗೊತ್ತಿರಲಿಲ್ಲ.”

ಉತ್ತರ ಗೊತ್ತಿಲ್ಲದ ಒಗಟಿಗೆ ಕಂಡವರ ತಲೆ ಪಣಕ್ಕಿಟ್ಟದ್ದು ತಪ್ಪೇ. ಆದರೂ ಅವಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

“ನೀವು ಹಾಗಂದಾಗ ರಾಣಿಯಮ್ಮ ಏನು ಮಾಡಿದ್ರು?” ಎಂದ ಸಣ್ಣೀರ.

“ನನ್ನ ಕೈ ಒತ್ತಿ ಹಿಡಿದು ನಕ್ಕಳು.”

“ಹಂಗಾದ್ರೆ ಅವರಿಗೂ ಗೊತ್ತಿತ್ತು, ಅಮ್ಮಣ್ಣಿ.”

ದೊರೆ ಸಿಂಹಾಸನದಿಂದ ಇಳಿದು ಬಂದು ಮಗಳ ಪಕ್ಕದಲ್ಲಿ ನೆಲದ ಮೇಲೇ ಕುಳಿತ. ಮಗಳು ತನ್ನ ಮೇಲೆ ಮುನಿದಿದ್ದಾಳೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ. ಇಬ್ಬರೂ ಸೇರಿ ಅತ್ತರು.

ಕಣ್ಣೊರೆಸಿಕೊಂಡು ಪದುಮಾಂಬೆ, “ಏನು ಬೇಕು, ಬೇಡು” ಎಂದಳು.

“ನಮ್ಮಣ್ಣ.”

ಅವಳು ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದಳು. ದೊಡ್ಡೀರ ಹೊರಗೆ ಬಂದವನೇ ತಮ್ಮನನ್ನು ತಬ್ಬಿ, “ಸಾಯೋಕೆ ಬಂದಿದ್ದೇನೋ, ಮುಠ್ಠಾಳ!” ಎಂದು ಬೈದು, ಬೈಯುತ್ತಲೇ ಅತ್ತ.

“ನನ್ನನ್ನು ಬೇಡಲಿಲ್ಲವಲ್ಲ?” ಎಂದಳು ಪದುಮಾಂಬೆ.

ಸಣ್ಣೀರನ ಕಿವಿ ಕೆಂಪಾಯಿತು. “ಇಷ್ಟ ಇಲ್ಲ ಅಂತಲ್ಲ ಅಮ್ಮಣ್ಣಿ. ಅಣ್ಣನ ಮದುವೆ ಆಗದೆ ತಮ್ಮ ಮಾಡ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ.”

“ಕಾಯುತ್ತೇನೆ” ಎಂದಳು ಅವಳು.

ಮಾರನೆಯ ದಿನ, ತಲೆ ಹೋಗಬೇಕಿದ್ದ ಅಮಾವಾಸ್ಯೆಯಂದು, ದೊಡ್ಡೀರ ಅರಮನೆಯ ಎಣ್ಣೆ ಹಚ್ಚಿ ಆ ತಲೆಯನ್ನು ನೀಟಾಗಿ ಬಾಚಿಕೊಂಡ. ಅಮಾವಾಸ್ಯೆ ಎನ್ನುವುದನ್ನೂ ಲೆಕ್ಕಿಸದೆ ದೊರೆಯೇ ಅವನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅವನಿಗೆ ಹೆಣ್ಣು ನೋಡಲು ಹೊರಟ.