ಗುಹೆಯ ಎದುರಿನ ಮರದ ಬರಹ

ಒಂದು ಕಾಡಿನಲ್ಲಿ ಸಿಂಹರಾಜನನ್ನು ಕಂಡು ಬೇರೆಯವರ ಕೆಲಸ ಮಾಡಿಸಿಕೊಡುವುದೇ ನರಿಗಳ ಕಸುಬಾಗಿತ್ತು. ಯಾರ ಪರವಾಗಿ ಬಂದೆವೆಂದು ಅವು ಹೇಳುತ್ತಿರಲಿಲ್ಲ. ಪ್ರಾಣಿಗಳು ಆಕ್ಷೇಪಿಸಿದಾಗ ಹಿರಿಯ ನರಿ, "ನಮ್ಮ ಸಂಘ ಎಲ್ಲವನ್ನೂ ಬರೆದಿಡುತ್ತದೆ. ತಪ್ಪು ಮಾಡಿದವರನ್ನು ನಾವೇ ದಂಡಿಸುತ್ತೇವೆ" ಎಂದಿತು. ಆ ಬರಹ ಇದ್ದದ್ದು ನರಿಗಳ ಬಿಲದೊಳಗೆ. ಹೊರಗಿನವರು ಯಾರೂ ಅದನ್ನು ಕಂಡಿರಲಿಲ್ಲ.

ಮರಕುಟಿಗ ಸಿಂಹದ ಬಳಿ ಹೋಗಿ, "ಪ್ರಭು, ಯಾರು ಬಂದರು, ಯಾರಿಗಾಗಿ ಬಂದರು, ಏನು ಕೇಳಿದರು ಎಂಬುದನ್ನು ಗುಹೆಯ ಎದುರಿನ ಮರದಲ್ಲಿ ಕೊರೆಯಲು ಅಪ್ಪಣೆ ಕೊಡಿ" ಎಂದು ಬೇಡಿತು. ಸಿಂಹ ಒಪ್ಪಿ, ಇನ್ನು ಮೇಲೆ ಬಂದವರು ಯಾರ ಪರವಾಗಿ ಬಂದೆವೆಂದು ಮೊದಲೇ ಹೇಳಬೇಕೆಂದು ವಿಧಿಸಿತು.

ಬಹಳ ದಿನಗಳ ಮೇಲೆ ಆ ದಾರಿಯಲ್ಲಿ ಬಂದ ತಾಯಿ ಜಿಂಕೆಯೊಂದು ಮರದ ಮುಂದೆ ನಿಂತು ಓದಿತು: "ಹಿರಿಯ ನರಿ ಮೊಸಳೆಯ ಪರವಾಗಿ ಬಂದಿತ್ತು. ಜಿಂಕೆಗಳ ತುಳಿತದಿಂದ ಹೊಳೆಯ ದಡ ಹಾಳಾಗುತ್ತಿದೆ, ಅವು ಇನ್ನು ಮಡುವಿನಲ್ಲೇ ನೀರು ಕುಡಿಯುವಂತೆ ಆಜ್ಞೆಯಾಗಲಿ ಎಂದು ಕೇಳಿತು."

ಜಿಂಕೆ ಗುಹೆಯೊಳಗೆ ಹೋಗಿ, "ಪ್ರಭು, ಆ ಮೊಸಳೆ ಇರುವುದೇ ಮಡುವಿನಲ್ಲಿ" ಎಂದಿತು.

"ನಾನು ಆ ಮಡುವನ್ನು ನೋಡಿದವನಲ್ಲ. ನಾಳೆ ಆಜ್ಞೆ ಹೊರಡುವುದಿತ್ತು. ನೀನು ಬಂದದ್ದು ಒಳ್ಳೆಯದಾಯಿತು" ಎಂದು ಸಿಂಹ ನರಿಯ ಕೋರಿಕೆಯನ್ನು ತಳ್ಳಿಹಾಕಿತು.

ಜಿಂಕೆ ಮರಿಗಳೊಡನೆ ಬಂದು ಮರಕುಟಿಗಕ್ಕೆ ತಲೆಬಾಗಿತು. "ಅಣ್ಣಾ, ನಿನ್ನಿಂದ ನನ್ನ ಮಕ್ಕಳು ಉಳಿದರು."

"ನಾನು ಎಷ್ಟೋ ದಿನದಿಂದ ಕೊರೆಯುತ್ತಿದ್ದೆ, ತಾಯಿ. ನಿಂತು ಓದಿದವಳು ನೀನೊಬ್ಬಳೇ. ನಾನೇ ನಿನಗೆ ಋಣಿ" ಎಂದಿತು ಮರಕುಟಿಗ.

ಮರುದಿನದಿಂದ ಜಿಂಕೆ ಆ ಮರದ ಕೆಳಗೆ ಮರಿಗಳಿಗೆ ಅಕ್ಷರ ಕಲಿಸತೊಡಗಿತು.