ಎರಡನೆಯದಾಗಿ ತಿರುಗುವ ಕೀಲಿಕೈ

ಬ್ಯಾಂಕಿನ ಲಾಕರಿಗೆ ಎರಡು ಕೀಲಿಕೈ. ಮೊದಲು ಬ್ಯಾಂಕಿನದು ತಿರುಗಬೇಕು, ಆಮೇಲೆ ಗಿರಾಕಿಯದು. ಗಿರಾಕಿ ವನಮಾಲಮ್ಮನವರ ಕೀಲಿಕೈಗೆ ಈ ಎರಡನೇ ಸ್ಥಾನ ನುಂಗಲಾರದ ತುತ್ತಾಗಿತ್ತು.

"ನಾನಿಲ್ಲದೆ ಬಾಗಿಲು ತೆಗೆ, ನೋಡೋಣ," ಎಂದು ಅದು ಬ್ಯಾಂಕಿನ ಕೀಲಿಕೈಗೆ ಸವಾಲು ಹಾಕಿತು.

"ತೆಗೆಯಲಾರೆ. ನಾನಿಲ್ಲದೆ ನಿನಗೂ ಆಗದು. ಬೀಗ ಇರುವುದೇ ಹಾಗೆ," ಎಂದಿತು ಬ್ಯಾಂಕಿನ ಕೀಲಿಕೈ.

ಮಗಳ ಮದುವೆಗೆ ವಾರವಿದ್ದಾಗ ವನಮಾಲಮ್ಮ ಒಡವೆ ಒಯ್ಯಲು ಬಂದರು. ಕೀಲಿಕೈ ಅವರ ಬ್ಯಾಗಿನ ಹರಿದ ಅಸ್ತರಿನ ಬಟ್ಟೆಯೊಳಗೆ ಜಾರಿ ಅಡಗಿತು. ಅವರು ಮೂರು ಸಲ ತಡಕಿದರು. ಅದು ಉಸಿರು ಬಿಗಿಹಿಡಿದು, ಬ್ಯಾಂಕಿನ ಕೀಲಿಕೈ ತನ್ನನ್ನು ಬೇಡಿಕೊಳ್ಳಲೆಂದು ಕಾಯಿತು. ವನಮಾಲಮ್ಮ ಅಳುತ್ತಲೇ, ಕೀಲಿಕೈ ಕಳೆದುಹೋಗಿದೆ ಎಂದು ಅರ್ಜಿ ಬರೆದುಕೊಟ್ಟು ಹೋದರು.

ಮೂರನೇ ದಿನ ಅದೇ ಬ್ಯಾಗು ಹಿಡಿದು ಮರಳಿದರು. ಈ ಸಲ ಕೇಳಿಸಿದ್ದು ಬೀಗ ಕೊರೆಯುವ ಡ್ರಿಲ್ಲಿನ ಸದ್ದು.

"ನಿಲ್ಲಿಸಿ, ಇಲ್ಲೇ ಇದ್ದೇನೆ," ಎಂದು ಕೀಲಿಕೈ ಕೂಗಿಕೊಂಡಿತು. ಬಟ್ಟೆಯೊಳಗಿನ ದನಿ ಹೊರಗೆ ಬರಲಿಲ್ಲ. ಹಳೆಯ ಬೀಗ ಕಳಚಿ ಬಿತ್ತು. ಹೊಸ ಬೀಗ ಕೂಡಿಸಿದರು. ಬ್ಯಾಂಕಿನ ಕೀಲಿಕೈ ಎಂದಿನಂತೆ ಮೊದಲು ತಿರುಗಿತು.

ಮನೆಗೆ ಹೋಗುವ ದಾರಿಯಲ್ಲಿ ಹೊಳೆಯುವ ಕೀಲಿಕೈಯೊಂದು ಹರಕಿನೊಳಗೆ ಜಾರಿ ಬಂದು, ಪಕ್ಕದಲ್ಲಿದ್ದುದನ್ನು ವಿನಯದಿಂದ ಕೇಳಿತು: "ತಾವು ಯಾವ ಬೀಗದವರು?"