ಎಲ್ಲರಿಗೂ ನೈಋತ್ಯದ ಕೋಣೆ

ಕೆಂಗಲ್ಲುಗಿರಿಯ ಪಾಳೆಯಗಾರ ಸೂರಪ್ಪನಾಯಕ ಹೊಸ ಮನೆ ಕಟ್ಟಿಸಲು ಹೊರಟ. ಗುದ್ದಲಿಪೂಜೆಯ ದಿನ ಹೋಳಿಗೆ ತುಸು ಹೆಚ್ಚೇ ಹೊಟ್ಟೆಗೆ ಇಳಿದಿತ್ತು. ಆ ಖುಷಿಯಲ್ಲಿ ಮೀಸೆ ತೀಡಿಕೊಂಡು ತುಂಬಿದ ಸಭೆಯಲ್ಲಿ ಹೇಳಿಬಿಟ್ಟ:

“ನನ್ನ ಮನೆಯಲ್ಲಿ ನೆಂಟರಿಗೆ ಕೊರತೆ ಇರಬಾರದು. ಯಾರು ಯಾವ ಕೋಣೆ ಕೇಳುತ್ತಾರೋ ಅವರಿಗೆ ಅದೇ ಕೋಣೆ! ಇದು ನಾಯಕನ ಮಾತು.”

ಬೆಲೆ ಕೇಳದೆ ಕೊಂಡ ಸರಕಿನ ಹಾಗೆ ಈ ಮಾತೂ ದುಬಾರಿಯಾಯಿತು. ಆಸ್ಥಾನದ ನರಹರಿ ಜೋಯಿಸರು ಹಿಂದಿನ ದಿನವಷ್ಟೇ ಜಗಲಿಯ ಮೇಲೆ ಕೂತು, “ನೈಋತ್ಯ ಮೂಲೆಯಲ್ಲಿ ಮಲಗಿದವರೇ ಮನೆಯ ಯಜಮಾನರು” ಎಂದು ಊರಿಗೆಲ್ಲ ಕೇಳುವಂತೆ ಹೇಳಿದ್ದರು.

ನಾಯಕನ ದೊಡ್ಡಪ್ಪ ಕೊಟ್ರನಾಯಕ ಮೊದಲು ಎದ್ದ. “ನನಗೆ ನೈಋತ್ಯ.”

ಚಿಕ್ಕಮ್ಮ ಗಿರಿಯಮ್ಮ ಸೆರಗು ಸರಿಮಾಡಿಕೊಂಡಳು. “ನಿನ್ನನ್ನು ಎತ್ತಿ ಆಡಿಸಿದ ಕೈ ಮಗಾ ಇದು. ನೈಋತ್ಯ ನನಗೆ.”

ಭಾವಮೈದುನ ಮಲ್ಲರಾಜ ಎಲೆಯಡಿಕೆ ಜಗಿಯುತ್ತ, “ಭಾವ, ಅಕ್ಕನ ಮುಖ ನೋಡಿಯಾದರೂ ಆ ಕೋಣೆ ನನಗೆ ಕೊಡಬೇಕು” ಎಂದ.

ಮನೆಗೆ ಇರುವುದು ಒಂದೇ ನೈಋತ್ಯ. ಆಡಿದ ಮಾತು ಹಿಂತೆಗೆದುಕೊಂಡರೆ ಪಾಳೆಯಪಟ್ಟಿನಲ್ಲೆಲ್ಲ ನಗೆಪಾಟಲು. ನಾಯಕ ಜೋಯಿಸರ ಮುಖ ನೋಡಿದ.

“ಅದೇನು ದೊಡ್ಡ ವಿಷಯ ಸ್ವಾಮಿ? ಮನೆಯನ್ನು ನೈಋತ್ಯದ ಕಡೆಗೇ ಬೆಳೆಸಿದರಾಯಿತು. ಅಡ್ಡ ಇರುವುದು ತಿಪ್ಪರಸನ ಮನೆ ಒಂದೇ. ಕೆಡವಿಸಿ.”

ತಿಪ್ಪರಸ ಆಸ್ಥಾನದ ಮಂತ್ರಾಲೋಚಕ. ಅವನ ನಾಲಗೆಗೂ ಜೋಯಿಸರ ಪಂಚಾಂಗಕ್ಕೂ ಮೊದಲಿನಿಂದ ಆಗಿಬರುತ್ತಿರಲಿಲ್ಲ.

“ಜೋಯಿಸರೇ, ಮನೆ ಎಷ್ಟು ಬೆಳೆದರೂ ಮೂಲೆ ಒಂದೇ ಅಲ್ಲವೇ?” ಎಂದ ತಿಪ್ಪರಸ.

ನಾಯಕ ರೇಗಿದ. “ಹಾಗಾದರೆ ನೀನೇ ದಾರಿ ತೋರಿಸು! ಎಲ್ಲರಿಗೂ ನೈಋತ್ಯ ಸಿಗುವಂತೆ ಗೆರೆ ಹಾಕಿಸು. ಬರುವ ಸೋಮವಾರದೊಳಗೆ ಆಗದಿದ್ದರೆ ನಿನ್ನ ಮನೆ ನೆಲಸಮ.”

ತಿಪ್ಪರಸನ ಮನೆಯಲ್ಲಿ ಹೆಂಡತಿ ಲಿಂಗಾಜಮ್ಮ ಆಗಲೇ ಪಾತ್ರೆಪಡಗ ಹೊರಗಿಡುತ್ತಿದ್ದಳು. “ಮಾಳಿಗೆಗೆ ಹೊಸ ಮಣ್ಣು ಹಾಕಿಸಿ ತಿಂಗಳಾಗಿಲ್ಲ. ನಿಮ್ಮ ಬಾಯಿ ಸುಮ್ಮನಿದ್ದರೆ ಸೂರಾದರೂ ಉಳಿಯುತ್ತಿತ್ತು!”

“ಪಾತ್ರೆ ಒಳಗಿಡು. ಒಂದು ಬುಟ್ಟಿ ಸುಣ್ಣದ ಪುಡಿ ಎಲ್ಲಿ ಸಿಗುತ್ತೆ ಹೇಳು” ಎಂದ ತಿಪ್ಪರಸ.

ಸೋಮವಾರ ಎಲ್ಲರೂ ನಿವೇಶನದಲ್ಲಿ ಸೇರಿದರು. ನೆಲದ ಮೇಲೆ ಸುಣ್ಣದ ಗೆರೆಗಳು ಎದ್ದು ಕಾಣುತ್ತಿದ್ದವು. ಒಂದು ದೊಡ್ಡ ಮನೆಯ ಬದಲು ಪಕ್ಕಪಕ್ಕದಲ್ಲಿ ಬೇರೆಬೇರೆ ಮನೆಗಳು. ಒಂದೊಂದಕ್ಕೂ ನಾಲ್ಕು ಮೂಲೆ, ತನ್ನದೇ ಬಾಗಿಲು.

“ದೊಡ್ಡಪ್ಪನವರೇ, ಇದು ನಿಮ್ಮ ಮನೆ. ಅಗೋ ನಿಮ್ಮ ನೈಋತ್ಯ. ಚಿಕ್ಕಮ್ಮನವರೇ, ನಿಮ್ಮದು ಅದರ ಪಕ್ಕ. ಮಲ್ಲರಾಜರೇ, ಆಚೆಯದು ನಿಮಗೆ.”

ಕೊಟ್ರನಾಯಕನಿಗೆ ತಡೆಯಲಾಗಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಗೆರೆಯೊಳಗೆ ಹಾಸಿ ಮಲಗಿಯೇ ನೋಡಿದ. “ಆಹಾ! ಈಗಲೇ ಯಜಮಾನಿಕೆ ಮೈಗೆ ಹತ್ತಿದ ಹಾಗಿದೆ.”

ಜೋಯಿಸರ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಗಿರಿಯಮ್ಮ ತನ್ನ ಮನೆಯ ಇನ್ನೊಂದು ಮೂಲೆಗೆ ಕೈ ತೋರಿಸಿದಳು. “ಇಲ್ಲೇನಪ್ಪಾ ಮೂರು ಕಲ್ಲು ಇಟ್ಟಿದ್ದೀಯ?”

“ಒಲೆ, ತಾಯಿ. ನೈಋತ್ಯ ಇದ್ದ ಮನೆಗೆ ಆಗ್ನೇಯವೂ ಬೇಡವೇ? ಆಗ್ನೇಯದಲ್ಲಿ ಒಲೆ ಉರಿಯದ ಮನೆಗೆ ಯಜಮಾನಿಕೆ ಎಲ್ಲಿಯದು? ಜೋಯಿಸರೇ, ಶಾಸ್ತ್ರ ಏನನ್ನುತ್ತೆ?”

ಜೋಯಿಸರು ಕೆಮ್ಮಿದರು. “ಶಾಸ್ತ್ರ... ಹಾಗೇ ಅನ್ನುತ್ತೆ.”

“ಒಲೆ ಅಂದಮೇಲೆ ಜೋಳ, ಸೌದೆ, ಎಣ್ಣೆ ಎಲ್ಲ ಆಯಾ ಯಜಮಾನರದು. ಅರಮನೆಯ ಉಗ್ರಾಣಕ್ಕೂ ಬೇರೆ ಮನೆಯವರಿಗೂ ಏನು ಸಂಬಂಧ?”

ಗಿರಿಯಮ್ಮ ಮೂರು ಕಲ್ಲುಗಳನ್ನು ಹಾವು ಕಂಡಂತೆ ನೋಡಿ ಗೆರೆ ದಾಟಿ ಹೊರಗೆ ಬಂದಳು. “ಮಗಾ, ನನಗೆ ಮೊಣಕಾಲು ನೋವು. ಒಲೆ ಮುಂದೆ ಕೂರೋದು ಆಗೋದಿಲ್ಲ. ನಿನ್ನ ಅಡುಗೆಮನೆ ಪಕ್ಕ ಒಂದು ಕೋಣೆ ಕೊಟ್ಟರೆ ಸಾಕು.”

ಮಲ್ಲರಾಜ ನಕ್ಕ. “ಹೆಂಗಸರಿಗೆ ಧೈರ್ಯ ಸಾಲದು. ನಾನಂತೂ ಬಿಡೋದಿಲ್ಲ.”

“ಬಿಡಬೇಡಿ ಬುದ್ಧಿ,” ಎಂದ ತಿಪ್ಪರಸ ಕೈಮುಗಿದು. “ಪಾಳೆಯದ ಪದ್ಧತಿ ನಿಮಗೆ ಗೊತ್ತೇ ಇದೆ. ಯುದ್ಧ ಬಂದರೆ ದಂಡಿಗೆ ಒಲೆಗೊಬ್ಬ ಆಳು. ಇಷ್ಟು ದಿನ ನೀವು ಭಾವನವರ ಒಲೆಯವರಾಗಿದ್ದಿರಿ, ಕಹಳೆ ಕೇಳಿದಾಗೆಲ್ಲ ತಲೆನೋವು ಬಂದರೂ ನಡೆಯುತ್ತಿತ್ತು. ಇನ್ನು ನಿಮ್ಮ ಒಲೆಯಿಂದ ಹೋಗಬೇಕಾದವರು ನೀವೇ. ಕುದುರೆಗೆ ಜೀನು ಹಾಕಿಸಲೇ?”

ಮಲ್ಲರಾಜ ಬಾಯಲ್ಲಿದ್ದ ಎಲೆಯಡಿಕೆಯನ್ನು ನುಂಗಿಬಿಟ್ಟ. ಕೆಮ್ಮು ನಿಂತ ಮೇಲೆ, “ಅಕ್ಕ ಒಬ್ಬಳೇ ಆಗಿಬಿಡ್ತಾಳೆ ಭಾವ. ನಾನು ನಿಮ್ಮ ಸೂರಿನಡಿಯೇ ಇರ್ತೀನಿ. ಅಡುಗೆಮನೆ ಪಕ್ಕ ಆದರೂ ಸರಿ” ಎಂದ.

ಕೊಟ್ರನಾಯಕ ಮಲಗಿದಲ್ಲಿಂದಲೇ ಕೇಳಿದ: “ಅರುವತ್ತು ದಾಟಿದವರಿಗೂ ದಂಡೇನಯ್ಯಾ?”

“ಒಲೆಗೆ ವಯಸ್ಸು ಕೇಳುವ ಪದ್ಧತಿ ಇಲ್ಲ, ದೊಡ್ಡಪ್ಪನವರೇ.”

ಕೊಟ್ರನಾಯಕ ವಲ್ಲಿ ಕೊಡವಿಕೊಂಡು ಎದ್ದ. ಬೆನ್ನಿಗೆಲ್ಲ ಸುಣ್ಣ ಮೆತ್ತಿತ್ತು. “ಹೆತ್ತವರ ಹಾಗಿದ್ದು ನಿನ್ನಿಂದ ಬೇರೆಯಾದೆ ಅನ್ನಿಸಿಕೊಳ್ಳಲೇ ಸೂರಪ್ಪ? ನನಗೂ ಅಡುಗೆಮನೆ ಪಕ್ಕದ ಕೋಣೆಯೇ ಇರಲಿ.”

ನಾಯಕನ ಮನೆಯಲ್ಲೂ ಅಡುಗೆಮನೆಯ ಪಕ್ಕ ಇರುವುದು ಒಂದೇ ಕೋಣೆ. ಮೂವರೂ ಅಲ್ಲೇ ನಿಂತು ಅದಕ್ಕಾಗಿ ಕಿತ್ತಾಡತೊಡಗಿದರು. ನಾಯಕನಿಗೆ ನಗು ತಡೆಯಲಾಗಲಿಲ್ಲ.

“ಜೋಯಿಸರೇ, ಈ ವ್ಯಾಜ್ಯ ನಿಮ್ಮದು. ಬಗೆಹರಿಯುವವರೆಗೆ ಈ ಮೂವರ ಊಟ ನಿಮ್ಮ ಮನೆಯಲ್ಲಿ. ತಿಪ್ಪರಸ, ನಿನ್ನ ಮನೆಯ ಒಂದು ಇಟ್ಟಿಗೆಯನ್ನೂ ಯಾರೂ ಮುಟ್ಟೋದಿಲ್ಲ. ಮಾಳಿಗೆಯ ಮಣ್ಣಿನ ಖರ್ಚೂ ಅರಮನೆಯದೇ. ಅದಿರಲಿ, ಈಗ ನನ್ನ ಮನೆಯ ನೈಋತ್ಯ ಖಾಲಿ ಬಿತ್ತಲ್ಲ, ಅದು ಯಾರಿಗೆ?”

“ಈ ಎಲ್ಲರ ಹೊಟ್ಟೆ ತುಂಬಿಸುವ ಯಜಮಾನರು ಯಾರೋ ಅವರಿಗೆ.”

“ಅಂದರೆ ನಾನು! ಕೊನೆಗೂ ನಾನೇ ಅಲ್ಲಿ ಮಲಗಬೇಕು ಅನ್ನು.”

“ಮಲಗಬಹುದು ಸ್ವಾಮಿ,” ಎಂದ ತಿಪ್ಪರಸ. “ನಿದ್ದೆ ಬರುತ್ತೆ ಅಂತ ಮಾತ್ರ ಯಾವ ಶಾಸ್ತ್ರವೂ ಹೇಳಿಲ್ಲ.”